ಬೀಗ ಹಾಕಿದ ಮನೆಯ ಹೊಗೆ

ಲವಂಗದೆಣ್ಣೆಯ ವಾಸನೆ ಬಂದರೆ ಈಗಲೂ ನಾನು ಸವಳಂಗ ರಸ್ತೆಯ ಚೀನಾ ಹಲ್ಲಿನ ಡಾಕ್ಟರ ಶಾಪಿನಲ್ಲಿರುತ್ತೇನೆ.

ಶಾಲೆಗೆ ಹೋಗುತ್ತಿದ್ದ ಕಾಲದ ಒಂದು ಮಧ್ಯಾಹ್ನ ಹಲ್ಲು ಕೀಳಿಸಲು ಹೆದರಿ ಅಳುತ್ತಿದ್ದ ನನ್ನನ್ನು ಡಾಕ್ಟರ ತಾಯಿ ಗೋಡೆಯ ಕಸೂತಿಯ ಹತ್ತಿರ ಕರೆದೊಯ್ದರು.

"ಚೀನಾ ಯುದ್ಧ ಆದಾಗ ಚೀನಾದವರು ಅಂತ ಅಸ್ಸಾಮಿಂದ ನಮ್ಮನ್ನೆಲ್ಲ ಹಿಡ್ಕೊಂಡು ಹೋಗಿ ಕ್ಯಾಂಪಲ್ಲಿ ಇಟ್ಟಿದ್ರು ಮರಿ. ಅಲ್ಲಿ ಕೂತು ಹಾಕಿದ್ದು. ಅಸ್ಸಾಮಲ್ಲಿ ಬಿಟ್ಟು ಬಂದ ನಮ್ಮನೆ ಇದು."

ಹಿಟ್ಟಿನ ಚೀಲದ ಬಟ್ಟೆಗೆ ಕಂಬಳಿಯಿಂದ ಎಳೆದ ದಾರ. ಮುಟ್ಟಿದರೆ ಬೆಕ್ಕಿನ ನಾಲಿಗೆಯಷ್ಟು ಒರಟು. ಬಾಗಿಲಿಗೆ ಬೀಗ. ತಗಡಿನ ಮಾಡಿನ ಮೇಲೆ ತೇಲುವ ಬೂದು ಹೊಗೆ.

ಡ್ರಾಯಿಂಗಿನಲ್ಲಿ ಕ್ಲಾಸಿಗೇ ಫಸ್ಟಾಗಿದ್ದ ನಾನು ಅಳು ನಿಲ್ಲಿಸಿದೆ.

"ತಪ್ಪು ಹಾಕಿದೀರಿ ಅಜ್ಜಿ. ಬೀಗ ಹಾಕಿದ ಮನೇಲಿ ಹೊಗೆ ಹೆಂಗೆ ಬರುತ್ತೆ?"

ಅವರು ಹೊಗೆಯ ಎಳೆಯನ್ನು ಬೆರಳಿನಿಂದ ಮೆಲ್ಲಗೆ ನೇವರಿಸಿದರು.

"ಪೊಲೀಸರು ಬಂದಾಗ ಅನ್ನಕ್ಕಿಟ್ಟಿದ್ದೆ ಮರಿ. ಇಳಿಸೋಕೆ ಬಿಡ್ಲಿಲ್ಲ."