ಸಿಂಕಿನ ಕೆಳಗಿನ ಬಾಗಿಲು

ನೆಂದ ಪಾರ್ಟಿಕಲ್ ಬೋರ್ಡಿನ ಹುಳಿ ವಾಸನೆ ಬಂದರೆ ಕೆಲಸದ ಮಧ್ಯೆ ಈಗಲೂ ನನ್ನ ಕೈ ನಿಂತುಬಿಡುತ್ತದೆ.

ಅವತ್ತು ಅಪ್ಪನಿಗೆ ಊಟ ಕೊಡಲು ಸಿದ್ಧಾರ್ಥನಗರದ ಒಂದು ಮನೆಗೆ ಹೋಗಿದ್ದೆ. ಲಷ್ಕರ್ ಮೊಹಲ್ಲಾದಲ್ಲಿ ತೇಗದ ಬಾಗಿಲು ಮಾಡಿ ಹೆಸರು ತಗೊಂಡವನು ಅಪ್ಪ. ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಆ ಹೊಸ ಬೋರ್ಡನ್ನು ಮುಟ್ಟಿದ್ದು ಆ ಮನೆಯಲ್ಲೇ ಮೊದಲು. ತಿಂಗಳ ಹಿಂದೆ ಅದರಲ್ಲಿ ಮಾಡಿಕೊಟ್ಟಿದ್ದ ಅಡುಗೆಮನೆ ಕಪಾಟು ಒಪ್ಪಿಗೆಯಾದರೆ ಇಡೀ ಮನೆಯ ಮರಗೆಲಸ ಅವನದೇ ಅಂತ ಮಾತಾಗಿತ್ತು.

ಸಿಂಕಿನ ಕೆಳಗಿನ ಬಾಗಿಲು ನೀರು ಕುಡಿದು ಮುಚ್ಚುತ್ತಿರಲಿಲ್ಲ.

"ಏನ್ ಆಚಾರ್ರೇ, ತಿಂಗಳಿಗೇ ಪೂರಿ ಥರ ಉಬ್ಬಿದೆಯಲ್ಲ?" ಅಂದರು ಮನೆಯಾಕೆ.

"ಮರ ಅಂದ್ಮೇಲೆ ಉಬ್ಬುತ್ತೆ ಕಣಮ್ಮ. ಎರಡೇಟು ಹತ್ತರಿ ಹೊಡೆದ್ರೆ ಸರಿಹೋಯ್ತದೆ."

ಬಾಗಿಲು ಬಿಚ್ಚಿ, ಮಳೆಗಾಲದ ತೇಗಕ್ಕೆ ಹೊಡೆದಂತೆ ಅಂಚಿಗೆಲ್ಲ ಹತ್ತರಿ ಹೊಡೆದ. ಹೆರೆದ ಮರದ ಸುರುಳಿ ಏಳಲೇ ಇಲ್ಲ, ನೆಂದ ರವೆಯಂತೆ ಪುಡಿ ಉದುರಿತು. ಇನ್ನೊಂದು ಸಲ ಹೊಡೆದ. ಮತ್ತೂ ಒಂದು ಸಲ. ತಿರುಗಿ ಕೂರಿಸಲು ಹೋದರೆ ಕೀಲಿನ ಸ್ಕ್ರೂ ಹಿಡಿಯುವುದಕ್ಕೆ ಬೋರ್ಡೇ ಉಳಿದಿರಲಿಲ್ಲ.

ಅಪ್ಪ ಬಾಗಿಲನ್ನು ಅದರ ಜಾಗಕ್ಕೆ ಇಟ್ಟು, ಮಂಡಿಯೂರಿ, ಎರಡೂ ಅಂಗೈಯಿಂದ ಒತ್ತಿ ಹಿಡಿದ.

"ನೋಡಿ ಅಮ್ಮ, ಸರಿಯಾಗಿ ಕೂತ್ಕೊಂಡ್ಬುಡ್ತು."

"ಎಲ್ಲಿ, ಕೈ ತೆಗೀರಿ ನೋಡೋಣ."

ಅಪ್ಪ ಒಂದು ಸಲ ನನ್ನ ಮುಖ ನೋಡಿದ. ಕೈ ತೆಗೆಯಲಿಲ್ಲ.