ಭಟ್ಕಳದ ಬದಿಗೆ ತಿರುಗಿದ ಗಾಳಿ

ಸಮುದ್ರ ಬಿಸಿಯೇರಿದ ಮೇಲೆ ಚಂಡಮಾರುತಗಳು ಹಳೆಯ ದಾರಿ ಬಿಟ್ಟು ಆಗಾಗ ನಮ್ಮ ಕರಾವಳಿಯ ಯಾವುದಾದರೊಂದು ಊರಿಗೆ ನುಗ್ಗುತ್ತಿದ್ದವು. ಯಾವ ಊರೆಂದು ಕೊನೆಯ ಗಳಿಗೆಯವರೆಗೂ ತಿಳಿಯುತ್ತಿರಲಿಲ್ಲ. ಗಾಳಿ ಬೇರೆ ಕಡೆಗೆ ತಿರುಗಿದರೆ ಗಂಗೊಳ್ಳಿಯವರು ತಾವು ಅಡಗಿದ್ದ ಆಸರೆ ಕಟ್ಟಡದಲ್ಲೇ ಪಾಯಸ ಮಾಡುವುದು ರೂಢಿ. ಮಾಡುವವಳು ಮೀನು ಮಾರುವ ಜಲಜಾಕ್ಷಿ.

ಅಂದೂ ಊರೆಲ್ಲ ಆಸರೆ ಕಟ್ಟಡದಲ್ಲಿತ್ತು. ಮಧ್ಯಾಹ್ನ ನೆರೆಮನೆಯ ಬಾಬಿ ಓಡಿಬಂದಳು. "ಜಲಜಕ್ಕ, ಗಾಳಿ ಭಟ್ಕಳದ ಬದಿಗೆ ತಿರ್ಗಿತಂಬ್ರು! ಒಲೆ ಹೊತ್ಸಿ!"

ಮಕ್ಕಳು ಕೇಕೆ ಹಾಕಿದರು. ಜಲಜಾಕ್ಷಿ ಕೈಗೆತ್ತಿಕೊಂಡಿದ್ದ ಬೆಂಕಿಪೊಟ್ಟಣ ಕೆಳಗಿಟ್ಟಳು. ಅದುವರೆಗೆ ಒಮ್ಮೆಯೂ ಗಾಳಿ ನುಗ್ಗದ ಊರೆಂದೇ ಅವಳು ಮಗಳು ಸುಗುಣಳನ್ನು ಭಟ್ಕಳಕ್ಕೆ ಮದುವೆ ಮಾಡಿ ಕೊಟ್ಟಿದ್ದಳು. ಆದರೂ ಒಲೆ ಹೊತ್ತಿಸಿದಳು. ಬಾಬಿಯ ತವರು ಕೊಚ್ಚಿಹೋದ ದಿನವೂ ಇಲ್ಲಿ ಪಾಯಸ ನಿಂತಿರಲಿಲ್ಲ.

ಬೆಲ್ಲ ಕರಗುವ ಹೊತ್ತಿಗೆ ಸುಗುಣಳ ಫೋನು ಬಂತು. ಆ ಕಡೆಯಿಂದ ಹೆಂಚು ಹಾರಿ ಒಡೆಯುವ ಸದ್ದು.

"ಅಮ್ಮಾ, ಅಲ್ಲಿ ಮಕ್ಕಳ್ ಕೂಗೂದ್ ಕೇಳ್ತಿತ್ತ್. ಪಾಯ್ಸ ಮಾಡ್ತಿದ್ರಾ?"

"ಇಲ್ಲ ಮಗಾ," ಎಂದಳು ಜಲಜಾಕ್ಷಿ. "ಗಾಳಿಗೆ ಹೆದ್ರಿ ಕೂಗ್ತಿದ್ರ್."

ಫೋನು ಕಡಿದುಹೋಯಿತು. ಮತ್ತೆ ಎಷ್ಟು ಸಲ ಮಾಡಿದರೂ ಹೋಗಲಿಲ್ಲ. ಜನ ಲೋಟ ಹಿಡಿದು ಸಾಲಾಗಿ ನಿಂತಿದ್ದರು. ಅವಳು ಸೌಟು ಎತ್ತಿ ಬಡಿಸತೊಡಗಿದಳು.