ಎರಡನೇ ರಿಂಗು

ಭಾರ್ಗವಿ ನಾಲ್ಕನೇ ಚಪಾತಿ ಲಟ್ಟಿಸುವ ಹೊತ್ತಿಗೆ ಊಟದ ಮೇಜಿನ ಸುತ್ತ ವಿಧಾನಸಭೆಯೇ ಸೇರಿತ್ತು. ಹದಿನೆಂಟು ತುಂಬಿ ಎರಡು ತಿಂಗಳಾಗಿದ್ದ ಮಗಳು ಇಂಚರ ಫೋನು ಕಿವಿಗಿಟ್ಟುಕೊಂಡು ಸ್ಕೂಟರ್ ಓಡಿಸುತ್ತಿದ್ದ ಫೋಟೊ, ಪೊಲೀಸರ ದಂಡದ ಚೀಟಿಯ ಸಮೇತ ಅಪ್ಪನ ಮೊಬೈಲಿಗೆ ಬಂದಿತ್ತು.

“ಲೈಸೆನ್ಸ್ ಕಿತ್ಕೋಬೇಕು. ಕಾನೂನು ಬಿಗಿಯಾಗದೆ ಈ ವಯಸ್ಸಿನವು ಬಗ್ಗಲ್ಲ,” ಎಂದರು ಹೋದ ವಾರವಷ್ಟೇ ಸಿಗ್ನಲ್ ಹಾರಿದ್ದ ಯಜಮಾನರು.

“ಕಾನೂನಿಂದ ಏನಾಗತ್ತೆ ಭಾವ? ಸಂಸ್ಕಾರ ಬೇಕು, ಸಂಸ್ಕಾರ,” ಎಂದ ಭಾರ್ಗವಿಯ ತಮ್ಮ, ತನ್ನ ಮೊಬೈಲಿನಿಂದ ಕಣ್ಣೆತ್ತದೆ.

ಭಾರ್ಗವಿ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು. “ಲಾರಿಗೆ ಸಿಕ್ಕಿದ್ರೆ ಏನೇ ಗತಿ? ಗಾಡಿ ಓಡಿಸ್ತಾ ಯಾಕೆ ಎತ್ತಿದೆ?”

“ಬಿಡಮ್ಮ, ನಂದೇ ತಪ್ಪು.”

“ಯಾಕೆ ಎತ್ತಿದೆ ಅಂದ್ರೆ?”

ಇಂಚರ ಉಗುರು ನೋಡಿಕೊಂಡಳು. “ಎರಡನೇ ರಿಂಗಿಗೆ ಎತ್ತದಿದ್ರೆ ಅತ್ತು ಕರೆದು ರಂಪ ಮಾಡ್ತಾರೆ.”

“ಅಂಥ ಹುಚ್ಚನ ಸ್ನೇಹ ಬೇರೆ!” ಎಂದು ಅಪ್ಪ ಮೇಜು ಗುದ್ದಿದರು. ಸಂಸ್ಕಾರದ ಪಕ್ಷವೂ ಕಾನೂನಿನ ಪಕ್ಷವೂ ಒಂದಾಗಿ ಆ ಹುಡುಗ ಯಾರೆಂದು ಪತ್ತೆಗಿಳಿದವು.

ಭಾರ್ಗವಿ ಫೋಟೊದ ಮೂಲೆಯಲ್ಲಿದ್ದ ಸಮಯ ನೋಡಿದಳು: ಬೆಳಗ್ಗೆ ಎಂಟು ನಲವತ್ತೆರಡು. ಒಳಗೆ ಹೋಗಿ ಹೊಗೆಯಾಡುತ್ತಿದ್ದ ಚಪಾತಿ ತಿರುವಿದಳು.

ಮರುದಿನ ಸ್ಕೂಟರ್ ಗೇಟು ದಾಟಿದ್ದೇ, ಭಾರ್ಗವಿ ದಿನಾ ಎಂಟು ನಲವತ್ತರ ಸುಮಾರಿಗೆ “ತಲುಪಿದ್ಯಾ ಪುಟ್ಟಿ?” ಎಂದು ಕೇಳಲು ಕೈಗೆತ್ತಿಕೊಳ್ಳುತ್ತಿದ್ದ ತನ್ನ ಫೋನನ್ನು ಅಕ್ಕಿ ಡಬ್ಬಿಯೊಳಗಿಟ್ಟು, ಯಾರಿಗೂ ಹೇಳದೆ, ಮುಚ್ಚಳ ಬಿಗಿದಳು.